ಭಿಕ್ಷುಕರ ಸೆಸ್ಸು, ಕಳೆದುಹೋದ ಕಿನ್ನರಿ ಮತ್ತು 1975ರ ಒಂದು ಕಾನೂನು

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಾನು ರಿಟೈರ್ಡ್ ಹೈಸ್ಕೂಲ್ ಮಾಸ್ತರ. ನಮ್ಮೂರ ಜಾತ್ರಿಗೆ ವರ್ಷಾ ಒಬ್ಬ ಕಿನ್ನರಿ ಜೋಗಿ ಬರ್ತಿದ್ದ, ವಯಸ್ಸಾದಾಂವ, ಅರ್ಜುನ ಜೋಗಿ ಹಾಡು ಹೇಳ್ತಿದ್ದ, ಮಂದಿ ಕಾಳುಕಡಿ, ರೊಕ್ಕ ಕೊಡ್ತಿದ್ರು. ಹೋದ ವರ್ಷ ಪ್ಯಾಟ್ಯಾಗ ಬಸ್ ಸ್ಟ್ಯಾಂಡ್ ಕಟ್ಟಿ ಮ್ಯಾಲ ಕುಂತಾಗ ಭಿಕ್ಷುಕ ಅಂತ ಹಿಡದು ಗಾಡ್ಯಾಗ ಹಾಕ್ಕೊಂಡು ಹೋಗ್ಯಾರ. ಮಗ ಹುಡುಕಿ ಬಿಡಿಸ್ಕೊಂಡು ಬರೂದ್ರಾಗ ಹತ್ತೊಂಬತ್ತು ದಿನ ಆತು. ಅಂವ ನುಡಸೂ ತಂತಿವಾದ್ಯ ಕಿನ್ನರಿ ಮಾತ್ರ ಸಿಗಲಿಲ್ಲ. ಕೇಳಿದ್ರ 1975ರ ಕಾನೂನು ಐತಿ, ನಾವೇನ್ ಮಾಡೂದು ಅಂತಾರ. ನಾ ವಕೀಲ ಅಲ್ಲ, ಯಾವ ಪಾರ್ಟಿಯಾಂವನೂ ಅಲ್ಲ. ನನ್ನಂಥಾಂವ ಒಂದು ಕಾನೂನು ಬದಲು ಮಾಡಸಾಕ ಆಗತೈತೇನ್ರೀ? (ಹೆಸರು ಹಾಕಬ್ಯಾಡ್ರಿ, ಹಾವೇರಿ ಜಿಲ್ಲೆ)

ಉತ್ತರ: ಮಾಸ್ತರ್ರೇ, ಆಗತೈತಿ. ಆದ್ರೆ ಎಷ್ಟು ದಿನಕ್ಕೆ, ಎಷ್ಟರಮಟ್ಟಿಗೆ ಅನ್ನೋದು ಬೇರೆ ಮಾತು, ಅದನ್ನ ಆಮೇಲೆ ಹೇಳ್ತೀನಿ. ಜೋಗಿನ ಬಿಟ್ಟುಕಳಿಸಿದ್ರು, ಕಿನ್ನರಿ ಕೊಡ್ಲಿಲ್ಲ ಅಂದ್ರಲ್ಲ, ಅದನ್ನೋದಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಬಿಟ್ಟೆ. ಅವ್ನ ಕೈಲಿದ್ದ ದುಡಿಮೆನೇ ಕಿತ್ಕೊಂಡು, ಇನ್ಮೇಲೆ ಬೇಡಬೇಡ ಹೋಗು ಅಂದ ಹಾಗಾಯ್ತು.

ಮೊದಲು ಆ ಕಾನೂನನ್ನ ಓದಿ. ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ 1975, ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆ ವೆಬ್‌ಸೈಟಲ್ಲಿ ರಾಜ್ಯದ ಅಧಿನಿಯಮಗಳೆಲ್ಲಾ ಪಿಡಿಎಫ್ ಇರುತ್ತೆ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸ್ಕೊಂಡ್ರೆ ಆಯ್ತು. ನೂರಕ್ಕೆ ತೊಂಬತ್ತು ಜನ ಕಾನೂನು ಸರಿ ಇಲ್ಲ ಅಂತ ನನ್ನ ಹತ್ರ ಬರ್ತಾರೆ, ಓದಿದ್ದೀರಾ ಅಂದ್ರೆ ಇಲ್ಲ ಮೇಡಂ ಪೇಪರಲ್ಲಿ ಬಂದಿತ್ತು ಅಂತಾರೆ. ನೀವು ಮೇಷ್ಟ್ರು, ಸಾವಿರಾರು ಪೇಪರ್ ತಿದ್ದಿದವರು, ಕೆಂಪು ಪೆನ್ನು ಹಿಡ್ಕೊಂಡೇ ಕೂತ್ಕೊಳ್ಳಿ.

ಓದಿದಾಗ ನಿಮಗೆ ಎರಡು ವಿಚಿತ್ರ ಕಾಣುತ್ತೆ. ಒಂದು, ಜೀವನಕ್ಕೆ ಕಣ್ಣಿಗೆ ಕಾಣೋ ಆಧಾರ ಇಲ್ದೆ ಸಾರ್ವಜನಿಕ ಜಾಗದಲ್ಲಿ ಅಲೀತಿರೋನೂ ಭಿಕ್ಷುಕನ ಲೆಕ್ಕಕ್ಕೇ ಬರ್ತಾನೆ, ಅಂದ್ರೆ ಕೈಯೊಡ್ಡಿರ್ಲೇಬೇಕು ಅಂತ ಇಲ್ಲ, ಬಡವನ ಥರ ಕಂಡ್ರೆ ಸಾಕು. ಎರಡನೇದು ಇನ್ನೂ ಚೆನ್ನಾಗಿದೆ, ಲೈಸೆನ್ಸ್ ತಗೊಂಡಿರೋ ಧಾರ್ಮಿಕ ಭಿಕ್ಷುಕರಿಗೆ, ಹರಕೆ ಸಂಪ್ರದಾಯ ಅಂತ ಯಾರಿಗೂ ತೊಂದ್ರೆ ಕೊಡ್ದೆ ಭಿಕ್ಷೆ ಎತ್ತೋರಿಗೆ ವಿನಾಯಿತಿ ಇದೆ. ನಿಮ್ಮ ಜೋಗಿ ಈ ಎರಡರಲ್ಲಿ ಎಲ್ಲಿ ಬರ್ತಾನೆ? ಬಸ್ ಸ್ಟ್ಯಾಂಡಲ್ಲಿ ನಿಂತು ಅದನ್ನ ತೀರ್ಮಾನ ಮಾಡಿದ್ದು ಗಾಡಿಯಲ್ಲಿ ಬಂದೋರು. ಇದು ಹೊಸ ಕಥೆಯೂ ಅಲ್ಲ. ಅಲೆಮಾರಿಗಳನ್ನ ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದ ಬ್ರಿಟಿಷರ 1871ರ ಕಾಯ್ದೆ 1952ರಲ್ಲಿ ಹೋಯ್ತು, ಆದ್ರೆ ನಮ್ಮ ಸಂವಿಧಾನದ ಸಮವರ್ತಿ ಪಟ್ಟಿಯ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) 15ನೇ ನಮೂದು ನೋಡಿ, ಗೊತ್ತುಗುರಿ ಇಲ್ದೆ ಅಲೆಯೋದು ಮತ್ತೆ ಅಲೆಮಾರಿ ಬುಡಕಟ್ಟುಗಳು ಎರಡನ್ನೂ ಒಂದೇ ಸಾಲಲ್ಲಿ ಕೂರಿಸಿದ್ದಾರೆ.

ಈಗ ಮುಖ್ಯವಾದ್ದಕ್ಕೆ ಬರ್ತೀನಿ, ಇದನ್ನ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೀನೋ. ನಿಮ್ಮನ್ನ ಕಾಡ್ತಿರೋ ಸಾಲು ಯಾರ ಪೆನ್ನಿಂದ ಬಂದಿದ್ದು ಅಂತ ಮೊದಲು ಹುಡುಕಿ. ಅಧಿನಿಯಮ ಆದ್ರೆ ಶಾಸಕಾಂಗದ್ದು, ಅದನ್ನ ಶಾಸಕಾಂಗವೇ ತಿದ್ದಬೇಕು. ಅದರ ಕೆಳಗೆ ನಿಯಮಗಳು, ಅದನ್ನ ಸರ್ಕಾರ ರಾಜ್ಯಪತ್ರದಲ್ಲಿ, ಅಂದ್ರೆ ಗೆಜೆಟಲ್ಲಿ, ಹಾಕಿ ತಿದ್ದಬಹುದು. ಅದರ ಕೆಳಗೆ ಸರ್ಕಾರಿ ಆದೇಶ, ಸುತ್ತೋಲೆ, ಒಬ್ಬ ಕಾರ್ಯದರ್ಶಿಯ ಸಹಿ ಸಾಕು. ಹೊರಗಿರೋ ನಮಗೆ ಎಲ್ಲಾನೂ 'ಕಾನೂನು' ಅಂತಲೇ ಕಾಣುತ್ತೆ. ನಾನೇ ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಒಂದು ಪಿಂಚಣಿ ವಿಷಯಕ್ಕೆ ಕಾಯ್ದೆ ತಿದ್ದುಪಡಿ ಆಗಬೇಕು ಅಂತ ಒಂದೂವರೆ ವರ್ಷ ಅರ್ಜಿ ಬರೆದೆ, ಕೊನೆಗೆ ಒಬ್ಬ ಗುಮಾಸ್ತರು ಕರೆದು, ಮೇಡಂ ಇದು ಕಾಯ್ದೆಯಲ್ಲಿ ಎಲ್ಲೂ ಇಲ್ಲ, ಒಂದು ಹಳೇ ಸುತ್ತೋಲೆ ಅಷ್ಟೇ ಅಂದ್ರು. ನಾಚಿಕೆ ಆಯ್ತು. ಸುತ್ತೋಲೆ ನಾಲ್ಕೇ ತಿಂಗಳಲ್ಲಿ ಬದಲಾಯ್ತು.

ನಿಮ್ಮದು ಕರ್ನಾಟಕ ಶಾಸಕಾಂಗದ ಅಧಿನಿಯಮ, ಹಾಗಾಗಿ ದಿಲ್ಲಿಗೆ, ಪ್ರಧಾನಿಗೆ, ರಾಷ್ಟ್ರಪತಿಗೆ ಬರೆದು ಅಂಚೆ ಖರ್ಚು ಮಾಡ್ಬೇಡಿ. ಕೇಂದ್ರ ಸರ್ಕಾರ 2016ರಲ್ಲಿ ನಿರ್ಗತಿಕರ ರಕ್ಷಣೆ ಮತ್ತು ಪುನರ್ವಸತಿಗೆ ಅಂತ ಒಂದು ಮಾದರಿ ಮಸೂದೆ ತಯಾರು ಮಾಡಿತ್ತು, ಅದು ಕಾಯ್ದೆ ಆಗ್ಲೇ ಇಲ್ಲ. ಆದ್ರೆ ಆ ಕರಡನ್ನ ಎತ್ತಿಟ್ಕೊಳ್ಳಿ, ಹಿಡಿಯೋ ಕಾನೂನಿನ ಬದ್ಲು ನೋಡ್ಕೊಳ್ಳೋ ಕಾನೂನು ಹೇಗಿರಬಹುದು ಅಂತ ತೋರಿಸೋಕೆ ಬರುತ್ತೆ.

ಆಮೇಲೆ ನಿಮಗೆ ಏನು ಬೇಕು ಅಂತ ನೀವೇ ತೀರ್ಮಾನ ಮಾಡ್ಬೇಕು, ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಸುಲಭದ ಬೇಡಿಕೆ ಅಂದ್ರೆ 'ಹಾಡು, ವಾದ್ಯ, ವೇಷದಿಂದ ಕಲೆ ತೋರಿಸಿ ಜನ ತಾವಾಗಿ ಕೊಟ್ಟಿದ್ದನ್ನು ಪಡೆಯುವ ಅಲೆಮಾರಿ ಕಲಾವಿದರು ಈ ಅಧಿನಿಯಮದ ಅರ್ಥದಲ್ಲಿ ಭಿಕ್ಷುಕರಲ್ಲ' ಅಂತ ಒಂದು ಸಾಲು ಸೇರಿಸಿ ಅನ್ನೋದು. ಕಿನ್ನರಿ ಜೋಗಿ, ಬುಡಬುಡಿಕೆಯವರು, ದೊಂಬಿದಾಸರು ಎಲ್ಲಾ ಅದರಲ್ಲಿ ಬಂದ್ರು, ಯಾವ ಶಾಸಕರೂ ಬೇಡ ಅನ್ನಲ್ಲ, ಜಾನಪದ ಅಂದ್ರೆ ಎಲ್ರಿಗೂ ಪ್ರೀತಿನೇ. ಆದ್ರೆ ಆಗ ನಾವು ಏನು ಕೇಳಿದ ಹಾಗಾಯ್ತು? ಕಿನ್ನರಿ ಇರೋನ್ನ ಬಿಡಿ, ಕಿನ್ನರಿ ಇಲ್ದೋನ್ನ ಹಿಡೀರಿ ಅಂತ. ಅದೇ ಕಟ್ಟೆ ಮೇಲೆ ಪಕ್ಕದಲ್ಲಿ ಹಾಡು ಬಾರದ ಒಬ್ಬ ಮುದುಕಿ ಕೂತಿದ್ಲು ಅನ್ಕೊಳ್ಳಿ. ನನಗೆ ಕೇಳಿದ್ರೆ ಬಡತನಕ್ಕೆ ಬಂಧನ ಅನ್ನೋ ಇಡೀ ಯೋಚನೆನೇ ಹೋಗ್ಬೇಕು, ಆದ್ರೆ ಅದು ದೊಡ್ಡ ಬೇಡಿಕೆ, ವರ್ಷಗಟ್ಟಲೆ ಹಿಡಿಯುತ್ತೆ. ಎರಡನ್ನೂ ಒಟ್ಟಿಗೆ ಕೇಳಬಹುದು, ಬೇರೆ ಬೇರೆ ಕಡೆ ಕೇಳಿ ಅಷ್ಟೇ. ಅಲೆಮಾರಿ ಕಲಾವಿದರನ್ನ ಹಿಡೀಬೇಡಿ, ಹಿಡಿದ್ರೂ ಅದೇ ದಿನ ಮನೆಯವರಿಗೆ ತಿಳಿಸಿ, ಅವರ ಸಾಮಾನಿಗೆ ರಶೀದಿ ಕೊಡಿ ಅಂತ ಸುತ್ತೋಲೆ ಹೊರಡ್ಸೋಕೆ ಸಮಾಜ ಕಲ್ಯಾಣ ಇಲಾಖೆಗೆ ಒಂದು ಅರ್ಜಿ, ಅದು ಇದೇ ವರ್ಷ ಆಗೋ ಕೆಲಸ. ಅಧಿನಿಯಮ ತಿದ್ದೋಕೆ ಶಾಸಕಾಂಗಕ್ಕೆ ಇನ್ನೊಂದು.

ಬರೀ ಕೋಪದಿಂದ ಕಾನೂನು ಅಲ್ಲಾಡಲ್ಲ. 2010ರ ಆಗಸ್ಟಲ್ಲಿ ಬೆಂಗಳೂರಿನ ಮಾಗಡಿ ರಸ್ತೆ ಭಿಕ್ಷುಕರ ಕೇಂದ್ರದಲ್ಲಿ ಸಾಲಾಗಿ ಸಾವಾದಾಗ ರಾಜ್ಯಕ್ಕೆ ರಾಜ್ಯವೇ ಕುದೀತು, ಟೀವಿಯಲ್ಲಿ ದಿನಗಟ್ಟಲೆ ಬಂತು, ಆದ್ರೂ 1975ರ ಅಧಿನಿಯಮ ಇವತ್ತಿಗೂ ಇದೆ. ಅದಕ್ಕೇ ಲೆಕ್ಕ ಬೇಕು ಅನ್ನೋದು. ಲೆಕ್ಕ ಎಲ್ಲಿ ಸಿಗುತ್ತೆ ಅಂದ್ರೆ ನಿಮ್ಮ ಮನೆ ಕಂದಾಯದ ರಶೀದಿಯಲ್ಲೇ. ತೆಗೆದು ನೋಡಿ, ಗ್ರಂಥಾಲಯ ಕರದ ಪಕ್ಕದಲ್ಲಿ ಭಿಕ್ಷುಕರ ಸೆಸ್ ಅಂತ ಇರುತ್ತೆ, ಆಸ್ತಿ ತೆರಿಗೆ ಮೇಲೆ ಶೇ. 3. ಎರಡು ಸಾವಿರ ತೆರಿಗೆ ಕಟ್ಟಿದ್ರೆ ಅರವತ್ತು ರೂಪಾಯಿ. ನಿಮ್ಮ ಜೋಗಿನ ಎತ್ತಾಕ್ಕೊಂಡು ಹೋದ ಗಾಡಿಗೆ ಡೀಸೆಲ್ ಹಾಕಿದೋರಲ್ಲಿ ನೀವೂ ಒಬ್ರು ಮಾಸ್ತರ್ರೇ, ಬೇಜಾರ್ ಮಾಡ್ಕೋಬೇಡಿ, ನಾನೂ ಅಷ್ಟೇ. ಅಂದ್ಮೇಲೆ ಕೇಳೋ ಹಕ್ಕಿದೆ ತಾನೇ.

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಲ್ಲಿ ಪುರಸಭೆಗೆ ಕೇಳಿ, ಐದು ವರ್ಷದಲ್ಲಿ ಈ ಸೆಸ್ ಎಷ್ಟು ವಸೂಲಾಯ್ತು, ಅದ್ರಲ್ಲಿ ಕೇಂದ್ರ ಪರಿಹಾರ ಸಮಿತಿಗೆ (ಈ ಭಿಕ್ಷುಕರ ಕೇಂದ್ರಗಳನ್ನ ನಡೆಸೋ ರಾಜ್ಯದ ಸಮಿತಿ, ದಿಲ್ಲಿಯದ್ದಲ್ಲ) ಎಷ್ಟು ಕಳ್ಸಿದ್ರಿ. ಸಮಿತಿಗೆ ಇನ್ನೊಂದು ಅರ್ಜಿ, ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರನ್ನ ಹಿಡಿದ್ರಿ, ಎಷ್ಟು ದಿನ ಇಟ್ಕೊಂಡ್ರಿ, ಎಷ್ಟು ಜನಕ್ಕೆ ಕೆಲಸ ಕಲಿಸಿದ್ರಿ, ಧಾರ್ಮಿಕ ಭಿಕ್ಷುಕರ ಲೈಸೆನ್ಸ್ ಇಲ್ಲಿವರೆಗೆ ಎಷ್ಟು ಕೊಟ್ಟಿದ್ದೀರಿ. ಈ ಕೊನೇ ಪ್ರಶ್ನೆಗೆ ಏನು ಉತ್ತರ ಬರುತ್ತೋ ನಂಗೂ ಕುತೂಹಲ ಇದೆ, ಬಂದ್ರೆ ಒಂದು ಕಾಪಿ ಕಳ್ಸಿ. ಒಂದು ಎಚ್ಚರಿಕೆ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ಮೇಷ್ಟ್ರುಗಳಿಗೆ ಇದು ಸ್ವಲ್ಪ ಕಷ್ಟ. 30 ದಿನದಲ್ಲಿ ಉತ್ತರ ಬರಬೇಕು, ಬರ್ಲಿಲ್ಲ ಅಂದ್ರೆ ಮೇಲ್ಮನವಿ.

ಲೆಕ್ಕ ಕೈಗೆ ಬಂದ್ಮೇಲೆ ಶಾಸಕರ ಹತ್ರ ಹೋಗಿ. ನೀವು ಪದವೀಧರರಾಗಿ ಹೆಸರು ಸೇರ್ಸಿದ್ರೆ ನಿಮಗೆ ಎಂಎಲ್ಎ ಅಲ್ದೆ ಪಶ್ಚಿಮ ಪದವೀಧರ ಕ್ಷೇತ್ರದ ಎಂಎಲ್ಸಿಯೂ ಇದ್ದಾರೆ, ಆ ಕ್ಷೇತ್ರದಲ್ಲಿ ಮತದಾರರು ಕಮ್ಮಿ ಹಾಗಾಗಿ ನಿಮ್ಮ ಒಂದು ವೋಟಿಗೆ ಅಲ್ಲಿ ಬೆಲೆ ಜಾಸ್ತಿ, ಇದನ್ನ ಯಾರೂ ಉಪಯೋಗಿಸ್ಕೊಳ್ಳಲ್ಲ ನೋಡಿ. ಹೋದಾಗ 'ಕಾನೂನು ಬದಲಾಯಿಸಿ ಸಾಹೇಬ್ರೇ' ಅನ್ಬೇಡಿ, ಆಗ್ಲಿ ನೋಡೋಣ ಅಂತಾರೆ ಮುಗೀತು. ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದ್ರೆ ಮಂತ್ರಿ ಸದನದಲ್ಲೇ ಬಾಯಲ್ಲಿ ಉತ್ತರ ಹೇಳಬೇಕಾದ್ದು, ಬರ್ಕೊಂಡೇ ಹೋಗಿ, ನೀವು ತಂದಿರೋ ಅಂಕಿ ಅದರಲ್ಲಿರಲಿ. ಸದನದಲ್ಲಿ ಪ್ರಶ್ನೆ ಬಿತ್ತು ಅಂದ್ರೆ ಇಲಾಖೆ ಉತ್ತರ ತಯಾರು ಮಾಡ್ಲೇಬೇಕು, ಎಲ್ಲೋ ಮಲಗಿದ್ದ ಫೈಲು ಎದ್ದು ಕೂರುತ್ತೆ. ಬೆಳಗಾವಿ ಸುವರ್ಣ ವಿಧಾನಸೌಧದ ಅಧಿವೇಶನ ನಿಮಗೆ ಹತ್ರ, ಅದಕ್ಕೆ ಒಂದೆರಡು ತಿಂಗಳು ಮುಂಚೆನೇ ಹೋಗಿ, ಶುರುವಾದ್ಮೇಲೆ ಹೋದ್ರೆ ಪಾಸ್ ಸಿಗೋದೇ ಕಷ್ಟ. ವಿಧಾನಸಭೆ, ವಿಧಾನ ಪರಿಷತ್ತು ಎರಡರಲ್ಲೂ ಅರ್ಜಿಗಳ ಸಮಿತಿ ಅಂತ ಇದೆ, ಸದಸ್ಯರೊಬ್ಬರ ಮೂಲಕ ಅಲ್ಲಿಗೂ ಅರ್ಜಿ ಕೊಡ್ಬಹುದು, ಸಮಿತಿ ಅಧಿಕಾರಿಗಳನ್ನ ಕರೆದು ಕೇಳುತ್ತೆ. ಖಾಸಗಿ ಸದಸ್ಯರ ವಿಧೇಯಕ, ಅಂದ್ರೆ ಮಂತ್ರಿ ಅಲ್ಲದ ಸದಸ್ಯರು ತರೋ ಮಸೂದೆ, ಅಂತಲೂ ಒಂದು ದಾರಿ ಇದೆ, ಸುಳ್ಳು ಆಸೆ ಹುಟ್ಟಿಸಲ್ಲ, ಸಂಸತ್ತಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಅಂಥವು ಪಾಸಾಗಿದ್ದು 14, ಕೊನೇದು 1970ರಲ್ಲಿ. ಆದ್ರೂ ಮಂಡನೆ ಆದ್ರೆ ಚರ್ಚೆ ಆಗುತ್ತೆ, ಅದೂ ಬೇಕು.

ಕೋರ್ಟ್ ವಿಚಾರ ಕೊನೆಗೆ ಇಟ್ಕೊಂಡಿದ್ದೀನಿ, ವಕೀಲಳಾಗಿ ನಾನೇ ಹೀಗಂದ್ರೆ ಕಕ್ಷಿದಾರರು ಓಡಿಹೋಗ್ತಾರೇನೋ. ದಿಲ್ಲಿ ಹೈಕೋರ್ಟ್ 2018ರ ಆಗಸ್ಟ್ 8ರಂದು, ಅಲ್ಲಿ ಜಾರಿಯಲ್ಲಿದ್ದ ಬಾಂಬೆ ಭಿಕ್ಷಾಟನೆ ಕಾಯ್ದೆಯಲ್ಲಿ ಭಿಕ್ಷೆ ಬೇಡೋದನ್ನ ಅಪರಾಧ ಮಾಡಿದ್ದ ಕಲಂಗಳನ್ನ ತೆಗೆದುಹಾಕ್ತು, ಹೊಟ್ಟೆಗಿಲ್ದೋನನ್ನ ಅಪರಾಧಿ ಮಾಡೋದು ಸಂವಿಧಾನದ 14 ಮತ್ತೆ 21ನೇ ವಿಧಿಗೆ ಒಗ್ಗಲ್ಲ ಅಂತ. ಅರ್ಜಿ ಹಾಕಿದ್ದು 2009ರಲ್ಲಿ, ಲೆಕ್ಕ ಹಾಕ್ಕೊಳ್ಳಿ. 2019ರಲ್ಲಿ ಜಮ್ಮು ಕಾಶ್ಮೀರ ಹೈಕೋರ್ಟೂ ಅಲ್ಲಿನ ಕಾಯ್ದೆಗೆ ಹಾಗೇ ಹೇಳ್ತು. ಈ ತೀರ್ಪುಗಳು ನಮ್ಮ ಹೈಕೋರ್ಟನ್ನ ಕಟ್ಟಿಹಾಕಲ್ಲ, ಆದ್ರೆ ಧಾರವಾಡ ಪೀಠದ ಮುಂದೆ ಇಟ್ಟು ವಾದ ಮಾಡಬಹುದು. ಅರ್ಜಿದಾರ ನೀವಾಗೋದಕ್ಕಿಂತ ಜೋಗಿನೇ ಆದ್ರೆ ತೂಕ ಜಾಸ್ತಿ, ಹತ್ತೊಂಬತ್ತು ದಿನ ಒಳಗಿದ್ದೋನು ಅವನು. ಪರಿಶಿಷ್ಟ ಜಾತಿ ಪಂಗಡದವರು, ಹೆಂಗಸರು, ಅಂಗವಿಕಲರು, ಆದಾಯ ಕಮ್ಮಿ ಇರೋರು, ಇವರಿಗೆಲ್ಲಾ ಕಾನೂನು ಸೇವಾ ಸಮಿತಿಯಿಂದ ವಕೀಲರನ್ನ ಪುಕ್ಕಟೆ ಕೊಡ್ತಾರೆ, ತಾಲ್ಲೂಕು ಕೋರ್ಟ್ ಆವರಣದಲ್ಲೇ ವಿಚಾರಿಸಿ. ಒಂದು ನೆನಪಿರಲಿ, ಕೇಸ್ ಹಾಕಿದ್ಮೇಲೆ ವಿಷಯ ಕೋರ್ಟಲ್ಲಿದೆ ಅಂತ ಹೇಳಿ ಸದನ, ಇಲಾಖೆ ಎಲ್ಲಾ ಕೈಕಟ್ಟಿ ಕೂತ್ಬಿಡ್ತಾರೆ, ಅದಕ್ಕೇ ಮೊದಲು ಆ ಬಾಗಿಲುಗಳನ್ನ ತಟ್ಟಿ ಅಂದಿದ್ದು. ಕೋರ್ಟು ಒಂದು ಸಾಲನ್ನ ಹೊಡೆದುಹಾಕಬಹುದು, ಅದರ ಜಾಗದಲ್ಲಿ ಹೊಸ ಸಾಲು ಬರೆಯೋದು ಶಾಸಕಾಂಗವೇ.

ಬದಲಾಯ್ತು ಅಂತ ಪೇಪರಲ್ಲಿ ಬಂದ ದಿನವೂ ಪೂರ್ತಿ ಓದಿ, ಯಾಕಂದ್ರೆ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಒಂದು ಕಲಂ ಸೇರಿಸಿದ್ರು, ಲೈಂಗಿಕ ಅಲ್ಪಸಂಖ್ಯಾತರನ್ನ 'ನಪುಂಸಕರು' ಅಂತ ಕರೆದು ಪೊಲೀಸರು ಅವರ ಹೆಸರು ವಿಳಾಸದ ರಿಜಿಸ್ಟರ್ ಇಡ್ಬಹುದು ಅಂತ. ಸಮುದಾಯದವರು ಹೈಕೋರ್ಟಿಗೆ ಹೋದ್ರು, ಬೀದಿಗೂ ಇಳಿದ್ರು, 2016ರಲ್ಲಿ ಸರ್ಕಾರ ತಿದ್ದಿತು. ಏನು ತಿದ್ದಿತು? ಆ ಪದ ತೆಗೆದು 'ವ್ಯಕ್ತಿಗಳು' ಅಂತ ಹಾಕ್ತು. ಅವಮಾನ ಹೋಯ್ತು, ಅದು ಸಣ್ಣದಲ್ಲ, ಆದ್ರೆ ಕಲಂ ಉಳೀತು. ಅದೇ ಥರದ, ನಿಜಾಮರ ಕಾಲದ ಕಾನೂನೊಂದು ತೆಲಂಗಾಣದಲ್ಲಿತ್ತು, ಅದನ್ನ ಅಲ್ಲಿನ ಹೈಕೋರ್ಟ್ 2023ರಲ್ಲಿ ಪೂರ್ತಿ ಕಿತ್ತುಹಾಕ್ತು.

ಮತ್ತೆ ಮಾಸ್ತರ್ರೇ, ಇದೆಲ್ಲಾ ನಡೀತಿರುವಾಗ ಜೋಗಿಗೆ ಒಂದು ಕಿನ್ನರಿ ಮಾಡ್ಸಿಕೊಡೋಕೆ ಆಗುತ್ತಾ ನೋಡಿ. ಜಾತ್ರೆಗೆ ಇನ್ನೂ ಟೈಮಿದೆ ತಾನೇ.

ಪ್ರಶ್ನೆ: ಮೇಡಂ, ನಮ್ಮ ತಂದೆ ಸರ್ವೀಸಲ್ಲಿದ್ದಾಗಲೇ ತೀರಿಕೊಂಡ್ರು. ನಾನೊಬ್ಳೇ ಮಗಳು, ಮದುವೆ ಆಗಿದೆ, ಅಮ್ಮನ್ನ ನಾನೇ ನೋಡ್ಕೊಳ್ತಿರೋದು. ಅನುಕಂಪದ ಕೆಲಸ ಕೇಳಿದ್ರೆ ನಮ್ಮ ಸಂಸ್ಥೆಯ ನಿಯಮದಲ್ಲಿ ಅವಿವಾಹಿತ ಮಗಳು ಅಂತಿದೆ, ನಿಮಗೆ ಬರಲ್ಲ ಅಂತಿದ್ದಾರೆ. ನಿಯಮ ಬದಲಾಗೋವರೆಗೂ ಕಾಯಬೇಕಾ? (ತುಮಕೂರು)

ಉತ್ತರ: ಕಾಯ್ಬೇಡಮ್ಮ, ಅರ್ಜಿಗೆ ಕಾಲಮಿತಿ ಇರುತ್ತೆ, ಇವತ್ತೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೋ. ಇದು ಸರ್ಕಾರಿ ನೌಕರರ ವಿಷಯದಲ್ಲಿ ಆಗ್ಲೇ ಬದಲಾಗಿದೆ. 1996ರ ಅನುಕಂಪದ ನೇಮಕಾತಿ ನಿಯಮದಲ್ಲಿ ಹೀಗೇ 'ಅವಿವಾಹಿತ' ಅಂತಿತ್ತು, ಎಪಿಎಂಸಿ ನೌಕರರೊಬ್ಬರ ಮದುವೆಯಾದ ಮಗಳು ಹೈಕೋರ್ಟಿಗೆ ಹೋದ್ಲು, 2020ರ ಡಿಸೆಂಬರಲ್ಲಿ ಕೋರ್ಟ್ ಆ ಒಂದು ಪದವನ್ನ ತೆಗೆದುಹಾಕ್ತು, ಮಗನಿಗೆ ಮದುವೆ ಆಗಿದ್ಯಾ ಇಲ್ವಾ ಅಂತ ಕೇಳಲ್ಲ, ಮಗಳಿಗೆ ಮಾತ್ರ ಯಾಕೆ ಅಂತ. ಮರುವರ್ಷ ಸರ್ಕಾರನೂ ನಿಯಮ ತಿದ್ದಿತು. ಒಬ್ಬ ಹೆಣ್ಮಗಳು, ಒಂದು ರಿಟ್ ಅರ್ಜಿ, ಒಂದು ಪದ. ನಿಮ್ಮ ಸಂಸ್ಥೆ ಸ್ವಂತ ನಿಯಮ ಇಟ್ಕೊಂಡಿದ್ರೆ ಆ ತೀರ್ಪಿನ ಕಾಪಿ ಲಗತ್ತಿಸಿ ಕೊಡು, ತಿರಸ್ಕಾರ ಮಾಡಿದ್ರೆ ಬಾಯಲ್ಲಿ ಹೇಳಿದ್ದನ್ನ ಒಪ್ಕೋಬೇಡ, ಹಿಂಬರಹ ಕೇಳು. ಆ ಹಿಂಬರಹನೇ ನಾಳೆ ನಿನ್ನ ರಿಟ್ ಅರ್ಜಿಗೆ ಆಧಾರ.

ಪ್ರಶ್ನೆ: ಇಲ್ಲಿ ಇಂಗ್ಲೆಂಡಲ್ಲಿ ಸಂಸತ್ತಿನ ವೆಬ್‌ಸೈಟಲ್ಲೇ ಪಿಟಿಷನ್ ಹಾಕ್ಬಹುದು, 10 ಸಾವಿರ ಸಹಿಗೆ ಸರ್ಕಾರ ಉತ್ತರ ಕೊಡುತ್ತೆ, ಒಂದು ಲಕ್ಷ ದಾಟಿದ್ರೆ ಚರ್ಚೆಗೆ ಪರಿಗಣಿಸ್ತಾರೆ. ನಮ್ಮಲ್ಲಿ ಆನ್‌ಲೈನ್ ಸಹಿ ಸಂಗ್ರಹಕ್ಕೆ ಬೆಲೆ ಇದ್ಯಾ? ನಾನು ನಾಲ್ಕಕ್ಕೆ ಸಹಿ ಹಾಕಿದ್ದೀನಿ. (ರೆಡಿಂಗ್, ಮೂಲ ಶಿವಮೊಗ್ಗ)

ಉತ್ತರ: ಅಂಥ ಲೆಕ್ಕ ನಮ್ಮಲ್ಲಿಲ್ಲ. ಖಾಸಗಿ ವೆಬ್‌ಸೈಟಲ್ಲಿ ಲಕ್ಷ ಸಹಿ ಬಿದ್ರೂ ಸರ್ಕಾರ ಉತ್ತರ ಕೊಡ್ಲೇಬೇಕು ಅಂತ ಏನೂ ಇಲ್ಲ, ಸುದ್ದಿ ಆಗುತ್ತೆ, ಅಷ್ಟೇ. ಅದರ ಬದ್ಲು ಕೇಂದ್ರದ ಕರಡು ಮಸೂದೆಗಳ ಮೇಲೆ ಕಣ್ಣಿಡಿ, 2014ರ ನೀತಿ ಪ್ರಕಾರ ಕಮ್ಮಿ ಅಂದ್ರೂ 30 ದಿನ ಸಾರ್ವಜನಿಕರ ಮುಂದೆ ಇಡಬೇಕು. ಎಲ್ಲಾ ಇಲಾಖೆನೂ ಪಾಲಿಸಲ್ಲ, ಅದು ಬೇರೆ ಜಗಳ. ರಾಜ್ಯದಲ್ಲೂ ಕರಡು ನಿಯಮಗಳನ್ನ ರಾಜ್ಯಪತ್ರದಲ್ಲಿ ಹಾಕಿ ಇಂತಿಷ್ಟು ದಿನದಲ್ಲಿ ಆಕ್ಷೇಪಣೆ ಕೊಡಿ ಅಂತಾರೆ, ಅಲ್ಲಿ ಹೋಗೋ ಒಂದು ಪುಟದ ಆಕ್ಷೇಪಣೆಗೆ ನಿಮ್ಮ ನಾಲ್ಕು ಸಹಿಗಿಂತ ಬಲ ಜಾಸ್ತಿ. ಕನ್ನಡದಲ್ಲೇ ಬರೀರಿ, ಸಂವಿಧಾನದ 350ನೇ ವಿಧಿ ದೇಶದಲ್ಲಿ ಬಳಕೆಯಲ್ಲಿರೋ ಭಾಷೆಯಲ್ಲಿ ಕುಂದುಕೊರತೆ ಹೇಳ್ಕೊಳ್ಳೋ ಹಕ್ಕು ಕೊಟ್ಟಿದೆ. ಪಾಸ್‌ಪೋರ್ಟ್ ಭಾರತದ್ದೇ ಇದ್ರೆ ಊರಿನ ಮತದಾರರ ಪಟ್ಟಿಗೆ ಸಾಗರೋತ್ತರ ಮತದಾರ ಅಂತ ಸೇರ್ಕೊಳ್ಳಿ, ವೋಟು ಹಾಕೋಕೆ ಮಾತ್ರ ವಿಮಾನ ಹತ್ತಿ ಬರಬೇಕು.

ಪ್ರಶ್ನೆ: ನಮ್ಮ ತಾತ ಹೊಲದಲ್ಲಿ ಗಂಧದ ಸಸಿ ಹುಟ್ಟಿದ್ರೆ ಯಾರಿಗೂ ಕಾಣ್ದಂಗೆ ಕಿತ್ತು ಬಿಸಾಕ್ತಿದ್ರು. ಈಗ ನಾನು ನೆಡಬೇಕು ಅಂತಿದ್ದೀನಿ, ಕಾನೂನು ತೊಂದ್ರೆ ಇದ್ಯಾ? (ತಿಪಟೂರು)

ಉತ್ತರ: ತಾತ ಬುದ್ಧಿವಂತರು. ಟಿಪ್ಪು ಕಾಲದಲ್ಲಿ ರಾಜರ ಮರ ಆಗಿದ್ದು, ಆಮೇಲೆ ಸರ್ಕಾರದ ಮರ ಆಗಿ 2001ರವರೆಗೂ ಹಾಗೇ ಇತ್ತು, ಹೊಲ ನಿಮ್ಮದಾದ್ರೂ ಮರ ಸರ್ಕಾರದ್ದು, ಕಳುವಾದ್ರೆ ತಲೆನೋವು ಮಾತ್ರ ನಿಮ್ಮದು. ಯಾರು ಬೆಳೆಸ್ತಾರೆ? ಕಾಡಲ್ಲಿ ಗಂಧ ಖಾಲಿ ಆಗ್ತಾ ಬಂತು, ಹೊಲದಲ್ಲಿ ರೈತ ಸಸಿನೇ ಉಳಿಸಲ್ಲ, ಕೊನೆಗೆ ನಷ್ಟ ತನಗೇ ಅಂತ ಸರ್ಕಾರಕ್ಕೆ ಹೊಳೆದ ಮೇಲೆ ಅರಣ್ಯ ಕಾಯ್ದೆ ತಿದ್ದಿ ಮರ ಬೆಳೆದೋನದ್ದೇ ಅಂತ ಮಾಡಿದ್ರು. ಮೇಲಿನ ಮಾಸ್ತರ್ರೂ ಇದನ್ನ ಓದಲಿ, ಅರ್ಜಿಯಲ್ಲಿ ಹಳೇ ಕಾನೂನಿಂದ ಸರ್ಕಾರಕ್ಕೆ ಎಷ್ಟು ದುಡ್ಡು ಹೋಗ್ತಿದೆ ಅಂತ ತೋರಿಸಿದ್ರೆ ಫೈಲು ಬೇಗ ಓಡುತ್ತೆ. ನೀವು ಧಾರಾಳವಾಗಿ ನೆಡಿ. ಕಡಿಯೋಕೆ, ಸಾಗಿಸೋಕೆ ಇನ್ನೂ ಅರಣ್ಯ ಇಲಾಖೆ ಅನುಮತಿ ಬೇಕು. ಸಸಿ ನೆಟ್ಟ ವರ್ಷವೇ ಗ್ರಾಮ ಆಡಳಿತ ಅಧಿಕಾರಿನ (ಮೊದಲು ಗ್ರಾಮ ಲೆಕ್ಕಿಗ ಅಂತಿದ್ರು) ಕರೆಸಿ ಪಹಣಿಯಲ್ಲಿ ಎಷ್ಟು ಗಿಡ ಅಂತ ಬರೆಸ್ಬಿಡಿ, ಇಪ್ಪತ್ತು ವರ್ಷ ಆದ್ಮೇಲೆ ನಿಮ್ಮ ಮಗ ಓಡಾಡೋದು ತಪ್ಪುತ್ತೆ.